ಮನೆ ನಕ್ಷೆಯ ಕಟ್ಟನ್ನು ನಾವೂ ಓದಬಹುದು

ಹಿಂದಿನ ಸಾಲಿನ ಮೂರು ಫುಟಿಂಗ್‌ಗೆ ಕಾಂಕ್ರೀಟ್ ಬಿದ್ದು ನಾಲ್ಕನೇ ದಿನ. ಕಂಬಿ ಕಟ್ಟುವ ಹುಡುಗ ಪ್ಲಿಂತ್ ಬೀಮಿನ ಕಂಬಿ ಹೊತ್ತು ತಂದು ಎರಡು ಕಾಲಂಗಳ ಮಧ್ಯೆ ಮಲಗಿಸಿದ. ಕಂಬಿ ಕಾಲಂ ದಾಟಿ ನಾಲ್ಕಡಿಗೂ ಜಾಸ್ತಿ ಆಚೆ ಚಾಚಿಕೊಂಡಿತು. 'ಉದ್ದ ಕತ್ತರಿಸಿದ್ದೀಯ' ಅಂತ ಮೇಸ್ತ್ರಿ ರೇಗಿದರು. ಹುಡುಗ ತನ್ನ ಹಾಳೆ ತೆಗೆದು ತೋರಿಸಿದ. ಅದರಲ್ಲಿ 4500 ಅಂತ ಇತ್ತು. ಮೇಸ್ತ್ರಿ ತಮ್ಮ ಜೇಬಿನ ಹಾಳೆ ಬಿಡಿಸಿದರು. ಆ ಅಳತೆ ಇರುವ ಮಡಿಕೆ ಹರಿದುಹೋಗಿತ್ತು. ಹರಿದ ಜಾಗದ ಅಳತೆಯನ್ನು ಅವರು ಸ್ಕೇಲ್‌ಪಟ್ಟಿ ಇಟ್ಟು ತೆಗೆದಿದ್ದರು. 3.2 ಸೆಂಟಿಮೀಟರ್ ಬಂದಿತ್ತು, 3.2 ಮೀಟರ್ ಅಂತ ದಾರ ಕಟ್ಟಿದ್ದರು.

ನನ್ನ ಪೆದ್ದತನ ಇನ್ನೂ ದೊಡ್ಡದು. ಹಿಂದೆ ಏಳಡಿ ಮೇಲೆ ಜಾಗ ಉಳಿದಿದ್ದು ನೋಡಿ, ಪರವಾಗಿಲ್ಲ, ಎಂಜಿನಿಯರ್ ಧಾರಾಳವಾಗಿ ಬಿಟ್ಟಿದ್ದಾರೆ, ಒಂದು ಹಸು ಕಟ್ಟಬಹುದು ಅಂತ ನಾನು ಎರಡು ದಿನ ಖುಷಿಯಲ್ಲಿದ್ದೆ!

ಮೂರು ಫುಟಿಂಗ್ ಬಿಟ್ಟು ಹೊಸದಾಗಿ ಮೂರು ಗುಂಡಿ. ಸಿಮೆಂಟು, ಕಂಬಿ, ಕೂಲಿ ಎಲ್ಲ ಸೇರಿ 34,000 ರೂಪಾಯಿ. ನಮ್ಮ ಎರಡು ಹಸು ದಿನಕ್ಕೆ 14 ಲೀಟರ್ ಕೊಡ್ತವೆ. ಲೆಕ್ಕ ಹಾಕಿದರೆ ಎರಡೂವರೆ ತಿಂಗಳ ಡೇರಿ ಬಟವಾಡೆ, ಅದೂ ಹಿಂಡಿ-ಬೂಸಾ ಖರ್ಚು ಕಳೆಯದೆ. ಮೇಸ್ತ್ರಿ ಕೂಲಿಯಲ್ಲಿ ಅರ್ಧ ಬಿಟ್ಟುಕೊಟ್ಟರು. ಇಡೀ ತಪ್ಪನ್ನು ಅವರ ಮೇಲೆ ಹಾಕಲು ನನಗೆ ಮನಸ್ಸು ಬರಲಿಲ್ಲ. ನಕ್ಷೆಯ ಕಟ್ಟು ನನ್ನ ಮನೆಯಲ್ಲೇ ಇತ್ತು. ನಾನು ಅದರ ರಬ್ಬರ್ ಬ್ಯಾಂಡ್ ಬಿಚ್ಚಿರಲಿಲ್ಲ.

ಹೊಲದವನಿಗೆ ಕಟ್ಟಡದ ಗೊಡವೆ ಯಾಕೆ?

ನಾನು ಕೆಂಗೇರಿ ಹೋಬಳಿಯವನು. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ 12 ಹಳ್ಳಿಗಳ ಜಮೀನು ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಸೇರಿದ್ದು ಬಹಳ ಜನಕ್ಕೆ ಗೊತ್ತು. 2008ರಲ್ಲಿ ಮೊದಲ ಅಧಿಸೂಚನೆ, 2010ರಲ್ಲಿ ಅಂತಿಮ ಅಧಿಸೂಚನೆ. ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ, ಕೊಮ್ಮಘಟ್ಟ, ಚಲ್ಲಘಟ್ಟ ಕಡೆಯವರೆಲ್ಲ ರಾಗಿ ಹೊಲ ಬಿಟ್ಟುಕೊಟ್ಟು ಸೈಟು ಪಡೆದವರು. ದುಡ್ಡು ಬೇಡ ಅಂದವರಿಗೆ ನಿವೇಶನದ ಜಾಗದಲ್ಲಿ ನೂರಕ್ಕೆ 40 ಪಾಲು ಅಂತ ಲೆಕ್ಕ. ನನಗೂ ಹಾಗೆ ಬಂದದ್ದರಲ್ಲಿ ಒಂದು 30-40ರ ಸೈಟಿನಲ್ಲಿ ಬಾಡಿಗೆ ಮನೆ ಎಬ್ಬಿಸಿದ್ದು. ಉಳಿದಿರುವುದು 20 ಗುಂಟೆ. ಹದಿನಾಲ್ಕು ತೆಂಗು, ಸೊಪ್ಪಿನ ಮಡಿ, ಎರಡು ಹಸು. ಇನ್ನು ಮೇಲೆ ನಮ್ಮ ಮನೆ ನಡೆಯಬೇಕಾದ್ದು ಮುಖ್ಯವಾಗಿ ಆ ಬಾಡಿಗೆಯಿಂದ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಾಗಿನಿಂದ ಪಟ್ಟಣ ಪಶ್ಚಿಮಕ್ಕೆ ಬೆಳೆಯುತ್ತಲೇ ಇದೆ. ವಿಜಯನಗರ, ಬಸವೇಶ್ವರನಗರ ಆಯ್ತು, ಕೆಂಗೇರಿ ಉಪನಗರ ಆಯ್ತು. ಮೆಟ್ರೊ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂತು. ಸೈಟು ಸಿಗದ ಊರಿನ ಕೃಷಿಕರೂ ಒಂದಲ್ಲ ಒಂದು ದಿನ ಮನೆ, ಕೊಟ್ಟಿಗೆ, ಗೋದಾಮು, ನೀರಿನ ತೊಟ್ಟಿ ಕಟ್ಟಿಸುವವರೇ. ಬೀಜದ ಪಾಕೀಟಿನ ಹಿಂದಿನ ಸಣ್ಣ ಅಕ್ಷರವನ್ನೂ ಬಿಡದೆ ಓದುವ ನಾವು ಹತ್ತಾರು ಲಕ್ಷದ ಕೆಲಸದ ಕಾಗದ ಮಾತ್ರ ಬಿಚ್ಚುವುದಿಲ್ಲ.

ಪಹಣಿ, ಟಿಪ್ಪಣಿ ಇದ್ದ ಹಾಗೆ

ತಪ್ಪು ಗೊತ್ತಾದ ಸಂಜೆ ಎಂಜಿನಿಯರ್ ಮೇಡಂ ಬಂದರು. ಪಕ್ಕದೂರಿನ ಹುಡುಗಿ, ಅವರ ಅಪ್ಪನೂ ರೈತರೇ. ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಇಟ್ಟರು. ಹದಿನಾಲ್ಕು ಹಾಳೆ.

'ಯಜಮಾನ್ರೇ, ನಿಮ್ ಜಮೀನಿನ ಕಾಗದ ಎಷ್ಟಿದೆ?' ಅಂತ ಕೇಳಿದರು.

'ಪಹಣಿ, ಟಿಪ್ಪಣಿ, ಆಕಾರ್‌ಬಂದ್, ಗ್ರಾಮನಕ್ಷೆ' ಅಂದೆ.

'ಯಾಕೆ ಅಷ್ಟೊಂದು? ಒಂದೇ ಕಾಗದದಲ್ಲಿ ಬರೀಬಾರ್ದಿತ್ತಾ?'

ಆಗ ನನಗೆ ತಲೆಗೆ ಹೋಯ್ತು. ಗ್ರಾಮನಕ್ಷೆಯಲ್ಲಿ ಊರಿನ ಎಲ್ಲ ಸರ್ವೆ ನಂಬರೂ ಇರುತ್ತೆ, ಆದರೆ ನನ್ನ ಬದುವಿನ ಅಳತೆ ಇರೋದಿಲ್ಲ. ಅದು ಟಿಪ್ಪಣಿಯಲ್ಲಿ. ಟಿಪ್ಪಣಿಯಲ್ಲಿ ಯಜಮಾನ ಯಾರು ಅಂತ ಸಿಕ್ಕೋದಿಲ್ಲ, ಅದಕ್ಕೆ ಪಹಣಿ. ವಿಸ್ತೀರ್ಣ, ಕಂದಾಯಕ್ಕೆ ಆಕಾರ್‌ಬಂದ್. ಪಾಲು ಮಾಡಿ ಮಾರೋದಾದರೆ 11-ಇ ನಕ್ಷೆ. ಒಂದೊಂದು ಕಾಗದ ಒಂದೊಂದು ಪ್ರಶ್ನೆಗೆ ಉತ್ತರ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಯಾವುದೂ ಕಾಣೋದಿಲ್ಲ.

ಮನೆ ನಕ್ಷೆಯ ಕಟ್ಟೂ ಹಾಗೇ. ಮೊದಲು ಇಡೀ ಜಾಗ, ಆಮೇಲೆ ಇಡೀ ಮನೆ, ಆಮೇಲೆ ಒಂದೊಂದು ಭಾಗ, ಕೊನೆಗೆ ಒಂದು ಮೂಲೆಯ ವಿವರ. ಅದರ ಜೊತೆಗೆ ಕಸುಬುವಾರು ವಿಂಗಡಣೆ: ಗಾರೆಯವರಿಗೆ ಬೇರೆ, ಕಂಬಿಯವರಿಗೆ ಬೇರೆ, ನಲ್ಲಿಯವರಿಗೆ ಬೇರೆ, ಕರೆಂಟಿನವರಿಗೆ ಬೇರೆ. ಹಾಳೆ ನಂಬರಿನ ಮುಂದೆ ಒಂದು ಅಕ್ಷರ ಇರುತ್ತೆ. ನಮ್ಮ ಕಟ್ಟಿನಲ್ಲಿ ಎ ಅಂದರೆ ಆರ್ಕಿಟೆಕ್ಟ್ ಹಾಳೆ, ಎಸ್ ಅಂದರೆ ಸ್ಟ್ರಕ್ಚರ್ (ಕಂಬಿ-ಕಾಂಕ್ರೀಟ್), ಪಿ ಅಂದರೆ ಪ್ಲಂಬಿಂಗ್, ಇ ಅಂದರೆ ಎಲೆಕ್ಟ್ರಿಕಲ್. ಕಟ್ಟಡದ ನಕ್ಷೆ ಹೇಗೆ ಬರೆಯಬೇಕು ಅಂತ ಐಎಸ್ 962 ಅನ್ನುವ ಭಾರತೀಯ ಮಾನಕ ಇದೆ. ಆದರೂ ನಂಬರು ಹಾಕುವ ಕ್ರಮ ಒಂದೊಂದು ಆಫೀಸಿಗೆ ಒಂದೊಂದು ಥರ. ಅದಕ್ಕೇ ಮೊದಲು ನೋಡಬೇಕಾದ್ದು ಮೇಲಿನ ಹಾಳೆಯ ಪಟ್ಟಿ. ಪಟ್ಟಿಯಲ್ಲಿ ಹದಿನಾಲ್ಕು ಇದ್ದು ಕೈಯಲ್ಲಿ ಹನ್ನೆರಡೇ ಇದ್ದರೆ ಅಲ್ಲೇ ಕೇಳಬೇಕು.

ಮಂಜೂರಾತಿ ನಕ್ಷೆಯಿಂದ ಮನೆ ಕಟ್ಟಬೇಡಿ

ನಮ್ಮ ಕಡೆ ಬಹಳ ಮನೆಗಳು ಒಂದೇ ಹಾಳೆಯ ಮೇಲೆ ಎದ್ದಿವೆ. ಲೈಸೆನ್ಸಿಗೆ ಅಂತ ಮಾಡಿಸಿದ ಮಂಜೂರಾತಿ ನಕ್ಷೆ ಅದು. ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಎತ್ತರ, ಒಟ್ಟು ಎಷ್ಟು ಚದರಡಿ ಅಂತ ಆಫೀಸಿನವರಿಗೆ ತೋರಿಸೋಕೆ ಅದು ಸಾಕು. ಆದರೆ ಕಾಲಂನೊಳಗೆ ಎಷ್ಟು ಕಂಬಿ, ಫುಟಿಂಗ್ ಎಷ್ಟು ಆಳ, ಪೈಪು ಎಲ್ಲಿ ಹೋಗುತ್ತೆ ಅನ್ನೋದು ಅದರಲ್ಲಿ ಇರೋದಿಲ್ಲ. ಅದನ್ನು ಮೇಸ್ತ್ರಿ ಅಭ್ಯಾಸಬಲದ ಮೇಲೆ ತುಂಬುತ್ತಾರೆ. ಕೆಲವು ಸಲ ಸರಿ ಹೋಗುತ್ತೆ, ಕೆಲವು ಸಲ ಬೇಕಿಲ್ಲದ ಕಂಬಿ ತಿನ್ನುತ್ತೆ, ಕೆಲವು ಸಲ ಮೂರನೇ ವರ್ಷಕ್ಕೆ ಬಿರುಕು.

ಕೆಲಸಕ್ಕೆ ಬೇಕಾದ್ದು ವರ್ಕಿಂಗ್ ಡ್ರಾಯಿಂಗ್ ಕಟ್ಟು. ಮಾತುಕತೆಯಲ್ಲೇ ಎಂಜಿನಿಯರ್ ಹತ್ತಿರ ಕೇಳಿ: ಸೆಂಟರ್ ಲೈನ್ ಹಾಳೆ ಕೊಡ್ತೀರಾ, ಫುಟಿಂಗ್ ಮತ್ತು ಕಾಲಂ ಪಟ್ಟಿ ಕೊಡ್ತೀರಾ, ಬೀಮು-ಸ್ಲ್ಯಾಬು ಕಂಬಿ ವಿವರ ಕೊಡ್ತೀರಾ, ನಲ್ಲಿ-ಕರೆಂಟು ಹಾಳೆ ಕೊಡ್ತೀರಾ ಅಂತ. ಫೀಸು ಆಗಲೇ ಗೊತ್ತು ಮಾಡಿಕೊಳ್ಳಿ. ನನಗಂತೂ ಫೀಸು ಜಾಸ್ತಿ ಅನ್ನಿಸಿತ್ತು. ಮೂರು ಫುಟಿಂಗ್ ಹೋದ ಮೇಲೆ ಅನ್ನಿಸಲಿಲ್ಲ.

ಹಾಳೆ ಓದೋದು ಬಲಗಡೆ ಕೆಳಗಿಂದ

ಪುಸ್ತಕ ಎಡದಿಂದ ಓದ್ತೇವೆ. ನಕ್ಷೆಯನ್ನು ಬಲಗಡೆ ಕೆಳಮೂಲೆಯ ಚೌಕದಿಂದ ಶುರು ಮಾಡಬೇಕು. ಹಾಳೆಯ ಹೆಸರು, ನಂಬರು, ಸ್ಕೇಲು, ತಾರೀಕು, ಎಷ್ಟನೇ ತಿದ್ದುಪಡಿ ಎಲ್ಲ ಅಲ್ಲಿದೆ. ಆರ್-0 ಅಂದರೆ ಮೊದಲ ಪ್ರತಿ. ಬದಲಾವಣೆ ಆದಾಗ ಆರ್-1, ಆರ್-2. ಏನು ಬದಲಾಯಿತು ಅನ್ನೋದನ್ನು ಪಕ್ಕದ ಸಣ್ಣ ಪಟ್ಟಿಯಲ್ಲಿ ಬರೆದು, ನಕ್ಷೆಯಲ್ಲಿ ಆ ಜಾಗಕ್ಕೆ ಮೋಡದ ಹಾಗೆ ಸುತ್ತು ಗೆರೆ ಹಾಕಿರುತ್ತಾರೆ. 'ಗುಡ್ ಫಾರ್ ಕನ್‌ಸ್ಟ್ರಕ್ಷನ್' ಅಂತ ಮುದ್ರೆ ಇದ್ದರೆ ಮಾತ್ರ ಅದು ಕಟ್ಟೋದಕ್ಕೆ. ಮುದ್ರೆ ಇಲ್ಲದ್ದು ನೋಡೋದಕ್ಕೆ ಅಷ್ಟೇ.

ದೊಡ್ಡ ಕೆಲಸಗಳಲ್ಲಿ ಹೊಸ ಹಾಳೆ ಬಂದರೆ ಹಳೇದನ್ನು ವಾಪಸು ತಗೊಂಡು ಅಡ್ಡ ಸೀಲು ಹೊಡೆಯುತ್ತಾರಂತೆ. ನಮ್ಮಲ್ಲಿ ಆ ಕೆಲಸ ಮನೆ ಯಜಮಾನನದೇ. ಹೊಸದು ಕೈಗೆ ಬಂದ ದಿನವೇ ಹಳೇದನ್ನು ಎಲ್ಲರ ಜೇಬಿನಿಂದ ಈಸಿಕೊಂಡು ಬಿಡಿ. ನಮ್ಮಾಕೆ ಅಡುಗೆಮನೆ ಸಿಂಕನ್ನು ಪೂರ್ವದ ಗೋಡೆಗೆ ಬದಲಾಯಿಸಿದ್ದಳು. ಪ್ಲಂಬರ್ ಕೈಯಲ್ಲಿದ್ದದ್ದು ಆರ್-0. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು, ಗೋಡೆ ಕೊರೆಯುವ ಮೊದಲೇ ಹಿಡಿದೆ.

ಪ್ಲಾನು, ಸೆಕ್ಷನ್ನು ಅನ್ನೋ ಮಾತಿಗೆ ಹೆದರಬೇಕಿಲ್ಲ. ಹಲಸಿನ ಹಣ್ಣನ್ನು ಅಡ್ಡ ಕೊಯ್ದರೆ ಒಂದು ನೋಟ, ಉದ್ದಕ್ಕೆ ಸೀಳಿದರೆ ಇನ್ನೊಂದು. ಮನೆಯನ್ನು ಸೊಂಟದ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿಂದ ನೋಡಿದ ಹಾಗೆ ಬರೆದದ್ದು ಪ್ಲಾನು. ಮೇಲಿಂದ ಕೆಳಕ್ಕೆ ಸೀಳಿ ಪಕ್ಕದಿಂದ ನೋಡಿದ್ದು ಸೆಕ್ಷನ್ನು. ಸೀಳದೆ ಹೊರಗಿಂದ ನೋಡಿದ್ದು ಎಲಿವೇಷನ್ನು. ಎಲ್ಲಿ ಸೀಳಿದ್ದು ಅನ್ನೋದಕ್ಕೆ ಪ್ಲಾನಿನಲ್ಲಿ ಎರಡು ಬಾಣ ಇರುತ್ತೆ. ಉದ್ದ-ಅಗಲಕ್ಕೆ ಪ್ಲಾನು ನೋಡಿ. ಎತ್ತರದ ಸಂಗತಿ ಬೇಕಾದರೆ ಸೆಕ್ಷನ್ನು. ರಸ್ತೆಯಿಂದ ನೆಲ ಎಷ್ಟು ಮೇಲೆ (ನಮ್ಮದು 450, ಅಂದರೆ ಒಂದೂವರೆ ಅಡಿ), ಕಿಟಕಿ ಎಷ್ಟು ಎತ್ತರಕ್ಕೆ ಶುರು, ಲಿಂಟಲ್ ಎಲ್ಲಿ, ಸಜ್ಜ ಎಷ್ಟು ಚಾಚುತ್ತೆ ಎಲ್ಲ ಅಲ್ಲಿ. ವೃಷಭಾವತಿ ಬಯಲಿನ ತಗ್ಗಿನ ಸೈಟಿನವರು ಈ ಹಾಳೆಯನ್ನು ಎರಡು ಸಲ ನೋಡಬೇಕು. ಮುಂದೆ ರಸ್ತೆ ಎತ್ತರವಾದರೆ ಮಳೆನೀರು ಒಳಗೆ.

ಪ್ಲಾನಿನಲ್ಲಿ ಕೆಲವು ಕಡೆ ಸಣ್ಣ ಸುತ್ತು, ಅದರಲ್ಲಿ ಮೇಲೊಂದು ನಂಬರು, ಕೆಳಗೊಂದು ನಂಬರು ಇರುತ್ತೆ. ನಾನು ಅದನ್ನು ಭಿನ್ನರಾಶಿ ಅಂದುಕೊಂಡಿದ್ದೆ! ಕೆಳಗಿನದು ಯಾವ ಹಾಳೆಗೆ ಹೋಗಬೇಕು ಅಂತ, ಮೇಲಿನದು ಆ ಹಾಳೆಯಲ್ಲಿ ಎಷ್ಟನೇ ಚಿತ್ರ ಅಂತ. ಮೆಟ್ಟಿಲಿನ ಹತ್ತಿರದ ಸುತ್ತು ಹಿಡಿದು ಹೋದರೆ ಮೆಟ್ಟಿಲಿನ ದೊಡ್ಡ ಚಿತ್ರ ಸಿಗುತ್ತೆ. ಬಾಗಿಲಿಗೆ ಡಿ-1, ಕಿಟಕಿಗೆ ಡಬ್ಲ್ಯು-2 ಅಂತ ಹೆಸರು. ಅಳತೆ ಬೇರೆ ಪಟ್ಟಿಯಲ್ಲಿ. ಬಡಗಿಗೆ ಆ ಪಟ್ಟಿ ಒಂದು ಕೊಟ್ಟರೆ ಸಾಕು.

ಸ್ಕೇಲ್‌ಪಟ್ಟಿ ಇಡಬಾರದು ಯಾಕೆ?

ನನ್ನ 34,000 ಹೋದ ಜಾಗ ಇದು, ಸ್ವಲ್ಪ ಬಿಡಿಸಿ ಹೇಳ್ತೇನೆ. ಮೂಲ ಹಾಳೆ ಎ-2 ಅಳತೆಯದು, 420ಕ್ಕೆ 594 ಮಿಲಿಮೀಟರ್. ಸ್ಕೇಲು 1:100. ಅಂದರೆ ಹಾಳೆಯ ಒಂದು ಸೆಂಟಿಮೀಟರ್ ನೆಲದ ಒಂದು ಮೀಟರ್. ಅಷ್ಟು ದೊಡ್ಡ ಹಾಳೆ ಸೈಟಿನಲ್ಲಿ ಗಾಳಿಗೆ ಹಾರುತ್ತೆ ಅಂತ ನಾನು ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎ-3ಗೆ ಇಳಿಸಿ ಮೂರು ಪ್ರತಿ ಮಾಡಿಸಿದ್ದೆ. ಹಾಗೆ ಇಳಿಸಿದಾಗ ಪ್ರತಿ ಗೆರೆಯೂ ನೂರಕ್ಕೆ ಸುಮಾರು 71 ಆಗುತ್ತೆ. ಮೂಲದಲ್ಲಿ 4.5 ಸೆಂಟಿಮೀಟರ್ ಇದ್ದದ್ದು ಜೆರಾಕ್ಸಿನಲ್ಲಿ 3.2. ಆದರೆ ಕೆಳಗಿನ ಚೌಕದಲ್ಲಿ 1:100 ಅಂತ ಅಕ್ಷರ ಹಾಗೇ ಉಳಿದಿರುತ್ತೆ. ಮೇಸ್ತ್ರಿ ನಂಬಿದ್ದು ಅದನ್ನೇ. ಈಗ ಫೋನಿನಲ್ಲಿ ವಾಟ್ಸಾಪ್‌ಗೆ ಬಂದ ನಕ್ಷೆಯನ್ನು ಎ-4ಗೆ ಪ್ರಿಂಟ್ ಹಾಕಿಸಿದರಂತೂ ಅರ್ಧಕ್ಕರ್ಧ.

ಅದಕ್ಕೇ ಹಾಳೆ ಮೇಲೆ 'ಅಳೆಯಬೇಡಿ, ಬರೆದ ಅಳತೆಯನ್ನೇ ಅನುಸರಿಸಿ' ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರುತ್ತೆ. ಅಳತೆ ಹರಿದಿದ್ದರೆ? ಕೂಡಿ ಕಳೆಯಬೇಕು. ಒಂದೊಂದು ಅಂಕಣದ ಅಳತೆಯ ಸಾಲಿನ ಹೊರಗೆ ಒಟ್ಟು ಅಳತೆಯ ಸಾಲು ಇನ್ನೊಂದು ಇರುತ್ತೆ. ನಮ್ಮ ಹಾಳೆಯಲ್ಲಿ ಒಟ್ಟು 10200 ಅಂತ ಚೆನ್ನಾಗಿಯೇ ಕಾಣುತ್ತಿತ್ತು. ಮೊದಲ ಅಂಕಣ 2700, ಎರಡನೇದು 3000. ಕಳೆದರೆ ಉಳಿದದ್ದು 4500. ಉತ್ತರ ಅದೇ ಹಾಳೆಯಲ್ಲಿ, ಮೇಸ್ತ್ರಿ ಜೇಬಿನಲ್ಲೇ ಇತ್ತು. ಡೇರಿ ಕಾರ್ಡಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಹಿಡಿಯುವ ನಾನು ಈ ಕಳೆಯುವ ಲೆಕ್ಕ ಮಾಡಲಿಲ್ಲ.

ಇನ್ನೊಂದು ಗೋಜಲು ಮಿಲಿಮೀಟರಿನದು. ನಕ್ಷೆ ಮಿಲಿಮೀಟರಿನಲ್ಲಿ, ಮೇಸ್ತ್ರಿ ಅಡಿಯಲ್ಲಿ. 230 ಅಂದರೆ ಒಂಬತ್ತಿಂಚಿನ ಗೋಡೆ, 115 ಅಂದರೆ ನಾಲ್ಕೂವರೆ ಇಂಚಿನದು. 900 ಮೂರಡಿ, 2100 ಏಳಡಿ. ಬಾಯಿಲೆಕ್ಕಕ್ಕೆ 300 ಒಂದಡಿ ಅಂತ ಹಿಡಿಯಬಹುದು. ಆದರೆ ಒಂದಡಿ ಸರಿಯಾಗಿ 304.8. ಬಾಯಿಲೆಕ್ಕದಲ್ಲಿ ದಾರ ಕಟ್ಟಿದರೆ 10200ರಷ್ಟು ಉದ್ದಕ್ಕೆ ಅರ್ಧ ಅಡಿ ಹೆಚ್ಚೇ ಬಂದುಬಿಡುತ್ತೆ. ಪಾಯಕ್ಕೆ ದಾರ ಕಟ್ಟುವ ದಿನ ಎರಡೂ ಇರುವ ಟೇಪು ತಂದು ಮಿಲಿಮೀಟರಿನಲ್ಲೇ ಹಿಡಿಸಿ.

ಕಂಬಿ ಹಾಳೆ

ಸೆಂಟರ್ ಲೈನ್ ಹಾಳೆ ನೋಡೋಕೆ ನಮ್ಮ ತೋಟದ ನಾಟಿ ಸಾಲಿನ ಹಾಗೇ. ಒಂದು ದಿಕ್ಕಿಗೆ ಎ, ಬಿ, ಸಿ. ಇನ್ನೊಂದು ದಿಕ್ಕಿಗೆ 1, 2, 3, 4. ಬಿ-3 ಅಂದರೆ ಬಿ ಸಾಲೂ 3ನೇ ಸಾಲೂ ಕೂಡುವ ಕಡೆಯ ಕಾಲಂ. ಎ ಹಾಳೆಯಲ್ಲೂ ಎಸ್ ಹಾಳೆಯಲ್ಲೂ ಇದೇ ಹೆಸರು. ಬೇರೆ ಬೇರೆ ಕಸುಬಿನವರ ಹಾಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಗೂಟ ಇದೇ. ಇವೆರಡನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಿದ್ದರೆ ನಮ್ಮ ತಪ್ಪು ಗುಂಡಿ ತೋಡುವ ಮೊದಲೇ ಸಿಕ್ಕುತ್ತಿತ್ತು. ಕೊನೆಗೆ ಹಿಡಿದದ್ದೂ ಕಂಬಿ ಹಾಳೆಯೇ ತಾನೆ?

ಎಸ್ ಹಾಳೆಗಳ ಶುರುವಿನಲ್ಲಿ ಸಾಮಾನ್ಯ ಸೂಚನೆಗಳ ಪಟ್ಟಿ ಇರುತ್ತೆ. ಅದನ್ನು ಯಾರೂ ಓದುವುದಿಲ್ಲ, ಅಸಲು ಸರಕು ಅಲ್ಲೇ. ಕಾಂಕ್ರೀಟ್ ಯಾವ ದರ್ಜೆಯದು (ಕಂಬಿ ಹಾಕಿದ ಕಾಂಕ್ರೀಟಿಗೆ ಎಂ-20ಕ್ಕಿಂತ ಕಮ್ಮಿ ಕೂಡದು ಅಂತ ಐಎಸ್ 456 ಹೇಳುತ್ತೆ), ಕಂಬಿಗೆ ಕಂಬಿ ಎಷ್ಟು ಉದ್ದ ಜೋಡಿಸಬೇಕು, ಕಂಬಿಯ ಹೊರಗೆ ಎಷ್ಟು ಕಾಂಕ್ರೀಟ್ ಮುಚ್ಚಿರಬೇಕು ಎಲ್ಲ ಇದೆ. ನಮ್ಮದರಲ್ಲಿ ಫುಟಿಂಗ್‌ಗೆ 50, ಕಾಲಂಗೆ 40, ಬೀಮಿಗೆ 25, ಸ್ಲ್ಯಾಬಿಗೆ 20 ಮಿಲಿಮೀಟರ್. ಇದಕ್ಕೆ ಜಲ್ಲಿಕಲ್ಲು ಇಡುವ ಬದಲು ಅಳತೆಯ ಕವರ್ ಬ್ಲಾಕ್ ಇಡಿಸಿದೆ. ಖರ್ಚು ಏನೂ ಇಲ್ಲ.

'8 ಎಂಎಂ @ 150 ಸಿ/ಸಿ' ಅಂದರೆ ಎಂಟು ಎಂಎಂ ಕಂಬಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 150 ಮಿಲಿಮೀಟರ್, ಅಂದರೆ ಆರಿಂಚು. ಇಷ್ಟು ತಿಳಿದರೆ ಮೌಲ್ಡಿನ ಹಿಂದಿನ ಸಂಜೆ ಟೇಪು ಹಿಡಿದು ನೀವೇ ನೋಡಬಹುದು. ನಾನು ನೋಡಿದಾಗ ಒಂದು ಮೂಲೆಯಲ್ಲಿ ಎಂಟಿಂಚು ಬಂತು. ತಕರಾರಿಲ್ಲದೆ ಕಟ್ಟಿಕೊಟ್ಟರು.

ಕಂಬಿ ಖರೀದಿಗೂ ಈ ಹಾಳೆ ಬೇಕು. ಕಂಬಿಯ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತೆ. 12 ಎಂಎಂ ಕಂಬಿ ಮೀಟರಿಗೆ 0.89 ಕಿಲೋ, 12 ಮೀಟರಿನ ಪೂರ್ತಿ ಕಂಬಿ 10.7 ಕಿಲೋ ಹತ್ತಿರ. 8 ಎಂಎಂದು 4.7. ಲಾರಿ ಬಂದಾಗ ಕಂಬಿ ಎಣಿಸಿ ಗುಣಿಸಿದೆ. ಚೀಟಿಯ ತೂಕಕ್ಕೆ ತಾಳೆ ಆಯ್ತು. ಅಂಗಡಿಯವರು ಒಂದು ಥರಾ ನೋಡಿದರು, ನೋಡಲಿ.

ಮೌಲ್ಡಿಗೆ ಮೊದಲು ಪಿ, ಇ

ನಲ್ಲಿಯವರು, ಕರೆಂಟಿನವರು ಮನೆ ಎದ್ದ ಮೇಲೆ ಬರೋದು ಅಂತ ನಾವು ಅಂದುಕೊಳ್ತೇವೆ. ಹಾಗಲ್ಲ. ಕಕ್ಕಸಿನ ಪೈಪು ಪ್ಲಿಂತ್ ಬೀಮು ದಾಟಬೇಕಾದ ಕಡೆ ಕಾಂಕ್ರೀಟಿಗೆ ಮುಂಚೆಯೇ ತೂತಿನ ತೋಳು ಇಡಬೇಕು. ಎಲ್ಲಿ ಇಡಬಹುದು ಅಂತ ಎಂಜಿನಿಯರ್ ಒಪ್ಪಬೇಕು. ಆಮೇಲೆ ಬೀಮು ಕೊರೆದರೆ ಕಂಬಿಗೇ ಏಟು. ಫ್ಯಾನಿನ ಡಬ್ಬಿ, ಕರೆಂಟಿನ ಪೈಪು ಸ್ಲ್ಯಾಬಿನ ಕಂಬಿ ಜೊತೆಗೇ ಕೂರಬೇಕು. ಆದ್ದರಿಂದ ಪ್ರತಿ ಕಾಂಕ್ರೀಟಿನ ಹಿಂದಿನ ದಿನ ಎ, ಎಸ್, ಪಿ, ಇ ನಾಲ್ಕನ್ನೂ ಒಟ್ಟಿಗೆ ಬಿಡಿಸಿ ಒಂದೇ ಜಾಗವನ್ನು ನಾಲ್ಕರಲ್ಲೂ ನೋಡಬೇಕು. ನಮ್ಮಲ್ಲಿ ಇ ಹಾಳೆಯ ಒಂದು ಫ್ಯಾನಿನ ಡಬ್ಬಿ ಎಸ್ ಹಾಳೆಯ ಬೀಮಿನ ನಡುವೆಯೇ ಬಂದಿತ್ತು. ಇಬ್ಬರು ಬರೆದದ್ದಲ್ಲವೇ, ಇಂಥದ್ದು ಇರುತ್ತೆ. ಎರಡು ಹಾಳೆ ಜಗಳ ಆಡಿದರೆ ಮೇಸ್ತ್ರಿಯೂ ನಾನೂ ತೀರ್ಪು ಕೊಡೋದಲ್ಲ. ಕೆಲಸ ನಿಲ್ಲಿಸಿ ಎಂಜಿನಿಯರಿಗೆ ಫೋನು. ಅವರು ಹೇಳಿದ್ದನ್ನು ಹಾಳೆ ಮೇಲೆ ಬರೆಸಿ ರುಜು ಹಾಕಿಸಿಕೊಂಡೆ.

ಪ್ಲಾಸ್ಟರ್ ಆಗುವ ಮೊದಲು ಪೈಪು ಕಾಣುವ ಹಾಗೆ ಎಲ್ಲ ಗೋಡೆಯ ಫೋಟೋ ತೆಗೆದು, ನಕ್ಷೆಗಿಂತ ಬೇರೆಯಾಗಿ ಹೋದ ಕಡೆ ಪಿ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದಿಟ್ಟಿದ್ದೇನೆ. ಇಡೀ ಕಟ್ಟು ಈಗ ಪಹಣಿಯ ಟ್ರಂಕಿನಲ್ಲಿ, ಎರಡೂ ಕಡೆ ಮುಚ್ಚಳ ಹಾಕಿದ ಪಿವಿಸಿ ಪೈಪಿನೊಳಗಿದೆ. ಬಾಡಿಗೆಗೆ ಬಂದವರು ದೇವರ ಪಟಕ್ಕೆ ಮೊಳೆ ಹೊಡೆಯುವ ಮುಂಚೆ ಬಂದು ಕೇಳುತ್ತಾರೆ. ಹಸು ಹಳೇ ಕೊಟ್ಟಿಗೆಯಲ್ಲೇ ಇದೆ.